ಕೂತ ಹಣ, ಓಡಾಡುವ ಹಣ: ಸಕಲೇಶಪುರದಿಂದ ಲಂಡನ್ನಿಗೆ ಹೊರಟ ಒಂದು ವೀಸಾ ಅರ್ಜಿಯ ಪ್ರಕರಣ

ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ಬೆಳೆಗಾರರ ಮನೆ. ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮಗಳಿಗೆ ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ನಗರ ಯೋಜನೆಯ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ತರಗತಿ ಶುರುವಾಗುವುದು 2025ರ ಸೆಪ್ಟೆಂಬರ್ 22ಕ್ಕೆ. ಆ ವರ್ಷದ ಆರಂಭದಲ್ಲಿ ಕಾಫಿ ಬೆಲೆ ದಾಖಲೆಗೆ ಏರಿತ್ತು, ಮನೆಯಲ್ಲಿ ಹಣವಿತ್ತು. ಆದರೂ ಆಗಸ್ಟ್ ಎರಡನೇ ವಾರದಲ್ಲಿ ಅರ್ಜಿ ಇನ್ನೇನು ಕೈತಪ್ಪುತ್ತದೆ ಎನ್ನುವ ಸ್ಥಿತಿ ಬಂತು. ಯಾಕೆ ಬಂತು, ಹೇಗೆ ಸರಿಹೋಯಿತು ಎಂಬುದನ್ನು ತಾರೀಖು, ಲೆಕ್ಕದ ಸಮೇತ ಇಲ್ಲಿ ಕೊಡಲಾಗಿದೆ. ಗುರುತು ಸಿಗುವ ವಿವರಗಳನ್ನು ಬಿಟ್ಟು, ಮೊತ್ತಗಳನ್ನು ಓದಲು ಅನುಕೂಲವಾಗುವಂತೆ ದುಂಡಾಗಿಸಲಾಗಿದೆ.

ಮಲೆನಾಡಿನ ಎಷ್ಟೋ ಮನೆಗಳ ತೊಡಕು ಇದೇ. ತೋಟದ ಹಣ ಒಂದು ಕಡೆ ನಿಲ್ಲುವುದಿಲ್ಲ. ಫೆಬ್ರುವರಿಯಲ್ಲಿ ಬರುತ್ತದೆ, ಬಟವಾಡೆಗೆ, ಗೊಬ್ಬರಕ್ಕೆ, ಬೋರ್ಡೋ ಸ್ಪ್ರೇಗೆ ಹೋಗುತ್ತದೆ, ಮೆಣಸು ಮಾರಿದಾಗ ಮತ್ತೆ ಬರುತ್ತದೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾ ನಿಯಮಕ್ಕೆ ಬೇಕಾದದ್ದು ಅಲುಗಾಡದೆ ಕೂತ ಹಣ.

ಎಷ್ಟು ತೋರಿಸಬೇಕಿತ್ತು

ಒಂದು ವರ್ಷದ ಬೋಧನಾ ಶುಲ್ಕ 28,000 ಪೌಂಡ್. ಜೂನ್‌ನಲ್ಲಿ 4,000 ಪೌಂಡ್ ಮುಂಗಡ ಕಟ್ಟಿದ ಮೇಲೆ ವಿಶ್ವವಿದ್ಯಾಲಯ ಕ್ಯಾಸ್ ಕೊಟ್ಟಿತು. ವೀಸಾ ಅರ್ಜಿಗೆ ಬೇಕಾದ ಪ್ರವೇಶ ದೃಢೀಕರಣ ಸಂಖ್ಯೆ ಇದು. ಕಟ್ಟಿದ 4,000 ಅದರಲ್ಲೇ ನಮೂದಾಗಿತ್ತು, ಹಾಗಾಗಿ ಉಳಿದದ್ದು 24,000. ಇದರ ಮೇಲೆ ಜೀವನ ವೆಚ್ಚ. ಆಗಿನ ನಿಯಮದಂತೆ ಲಂಡನ್ ಒಳಗೆ ಓದುವವರಿಗೆ ತಿಂಗಳಿಗೆ 1,483 ಪೌಂಡ್, ಗರಿಷ್ಠ 9 ತಿಂಗಳಿಗೆ 13,347. ಒಟ್ಟು 37,347 ಪೌಂಡ್. ಲಂಡನ್ನಿನ ಹೊರಗಾಗಿದ್ದರೆ ತಿಂಗಳಿಗೆ 1,136 ಸಾಕಿತ್ತು. 2025ರ ನವೆಂಬರ್ 11ರಿಂದ ಈ ದರಗಳು 1,529 ಮತ್ತು 1,171 ಆಗಿವೆ, ಅಂದರೆ ಲಂಡನ್ನಿಗೆ 9 ತಿಂಗಳಿಗೆ 13,761. ಹಿಂದಿನ ವರ್ಷ ಹೋದ ಪಕ್ಕದ ತೋಟದವರ ಮಗನ ಲೆಕ್ಕವನ್ನು ಹಾಗೇ ಎತ್ತಿಕೊಂಡರೆ ಎಡವುವುದು ಇಲ್ಲೇ.

ವಸತಿಗೆ ಮೊದಲೇ ಕಟ್ಟಿದ ಹಣವನ್ನು ಒಂದು ಮಿತಿಯವರೆಗೆ ಕಳೆಯಬಹುದು, ಆದರೆ ಅದನ್ನು ವಿಶ್ವವಿದ್ಯಾಲಯಕ್ಕೇ ಕಟ್ಟಿರಬೇಕು. ಈ ಮನೆಯವರು ಖಾಸಗಿ ಹಾಸ್ಟೆಲ್ಲಿಗೆ 400 ಪೌಂಡ್ ಕಟ್ಟಿ, ಅಷ್ಟು ಕಡಿಮೆ ತೋರಿಸಿದರಾಯಿತು ಎಂದುಕೊಂಡಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲ.

ಪೌಂಡಿಗೆ 117 ರೂಪಾಯಿ ಹಿಡಿದರೆ 37,347 ಪೌಂಡ್ ಎಂದರೆ 43.70 ಲಕ್ಷ ರೂಪಾಯಿ. ಅಧಿಕಾರಿಗಳು ನೋಡುವುದು ಅರ್ಜಿ ಹಾಕಿದ ದಿನದ ಓಆಂಡಾ ಜಾಲತಾಣದ ದರವನ್ನು, ನಮ್ಮ ಬ್ಯಾಂಕಿನ ದರವನ್ನಲ್ಲ. ಹಣ ಇಟ್ಟ ದಿನ 117 ಇದ್ದ ಪೌಂಡ್ ಅರ್ಜಿಯ ದಿನ 118.50 ಆದರೆ ಬೇಕಾದದ್ದು 44.26 ಲಕ್ಷ. ಖಾತೆಯಿಂದ ಒಂದು ರೂಪಾಯಿ ತೆಗೆಯದಿದ್ದರೂ 56 ಸಾವಿರ ಕೊರತೆ. ಆದ್ದರಿಂದ ಲೆಕ್ಕಕ್ಕಿಂತ ಶೇ 5ರಷ್ಟು ಹೆಚ್ಚು, ಈ ಪ್ರಕರಣದಲ್ಲಿ ಸುಮಾರು 46 ಲಕ್ಷ, ಇಟ್ಟುಕೊಂಡೇ ಹೊರಡಬೇಕು.

ಹಣ ಯಾರ ಹೆಸರಿನಲ್ಲಿ, ಎಲ್ಲಿ ಇತ್ತು

ಕಾಗದದ ಮೇಲೆ ಈ ಮನೆಯಲ್ಲಿ ಹಣಕ್ಕೆ ಬರವಿರಲಿಲ್ಲ. ಅಜ್ಜನ ಉಳಿತಾಯ ಖಾತೆಯಲ್ಲಿ 8 ಲಕ್ಷ, ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 4 ಲಕ್ಷದ ಠೇವಣಿ, ತಂದೆಯ ಬ್ಯಾಂಕ್ ಖಾತೆಯಲ್ಲಿ 19 ಲಕ್ಷದ ಆಸುಪಾಸು. ಇದರ ಜೊತೆ ಶಿಕ್ಷಣ ಸಾಲ 25 ಲಕ್ಷ.

ಅಜ್ಜನ 8 ಲಕ್ಷ ಮೊದಲೇ ಬಿದ್ದುಹೋಯಿತು. ಖಾತೆ ವಿದ್ಯಾರ್ಥಿಯದೋ ತಂದೆ ತಾಯಿಯದೋ ಆಗಿರಬೇಕು, ಮದುವೆಯಾಗಿದ್ದರೆ ಜೊತೆಗೆ ಬರುವ ಸಂಗಾತಿಯದೂ ನಡೆಯುತ್ತದೆ. ತಂದೆ ತಾಯಿ ಇರುವಾಗ ಅಜ್ಜ, ಚಿಕ್ಕಪ್ಪ, ಸೋದರಮಾವ ಯಾರ ಹಣವೂ ನಡೆಯುವುದಿಲ್ಲ. ಒಟ್ಟು ಕುಟುಂಬದಲ್ಲಿ ‘ಎಲ್ಲಾ ಒಂದೇ ಅಲ್ವಾ’ ಎನ್ನುವ ಮಾತು ಅಲ್ಲಿನ ಅಧಿಕಾರಿಗೆ ಅರ್ಥವಾಗುವುದಿಲ್ಲ. ಅಜ್ಜ ಮಗನಿಗೆ ಹಣ ವರ್ಗಾಯಿಸಬಹುದಿತ್ತು, ಆದರೆ ಹಣ ಖಾತೆಯಲ್ಲಿ ಸತತ 28 ದಿನ ಕೂತಿರಬೇಕೆಂಬ ನಿಯಮವಿರುವುದರಿಂದ ಆ ದಿನದಿಂದ ಮತ್ತೆ 28 ದಿನ ಕಾಯಬೇಕು.

ಸಂಘದ ಠೇವಣಿಯೂ ಬೀಳುವಂಥದ್ದೇ. ಹಣವಿರುವ ಸಂಸ್ಥೆ ಬ್ಯಾಂಕಿಂಗ್ ನಿಯಂತ್ರಕರ ಅಡಿಯಲ್ಲಿರಬೇಕು, ಲೆಕ್ಕ ಗಣಕೀಕೃತವಾಗಿರಬೇಕು, ಅಧಿಕಾರಿ ಕೇಳಿದರೆ ಖಚಿತಪಡಿಸುವಂತಿರಬೇಕು. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಬರುವುದಿಲ್ಲ. ಸಂಘ ಎಷ್ಟೇ ಗಟ್ಟಿಯಾಗಿರಲಿ, ಈ ಕೆಲಸಕ್ಕೆ ಅದರ ಬಾಂಡು ಬರುವುದಿಲ್ಲ. ಷೇರು, ಪಿಎಫ್, ಓವರ್‌ಡ್ರಾಫ್ಟ್ ಕೂಡ ಹಾಗೆಯೇ.

ಸಾಲದ ಕಥೆಗೆ ಎರಡು ತಿಂಗಳು ಹಿಡಿಯಿತು. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ತೋಟದ ಪಹಣಿ ಹಿಡಿದು ಹೋದಾಗ ಬ್ಯಾಂಕು ಬೇಡವೆಂದಿತು, ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೂ ಜಂಟಿಯಾಗಿತ್ತು. ಊರಿನ ಮನೆಗೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ, ನಮೂನೆ 9 ಮತ್ತು 11ಎ ಆಗಿರಲಿಲ್ಲ. ಕೊನೆಗೆ ಹಾಸನ ಪಟ್ಟಣದಲ್ಲಿದ್ದ ಚಿಕ್ಕ ಮನೆಯನ್ನು ಆಧಾರ ಕೊಟ್ಟರು: ಇ-ಖಾತೆ, ಕ್ರಯಪತ್ರ, ಕಾವೇರಿ ನೋಂದಣಿ ಜಾಲತಾಣದಿಂದ ತೆಗೆದ ಋಣಭಾರ ಪತ್ರ, ಕಂದಾಯ ರಸೀದಿ, ಬ್ಯಾಂಕಿನ ವಕೀಲರ ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ. ಏಪ್ರಿಲ್‌ನಲ್ಲಿ ಓಡಾಟ ಶುರುವಾಗಿದ್ದರಿಂದ ಜೂನ್ ಕೊನೆಗೆ ಮಂಜೂರಾತಿ ಪತ್ರ ಕೈಗೆ ಬಂತು. ಜುಲೈನಲ್ಲಿ ಶುರುಮಾಡಿದ್ದರೆ ಆ ವರ್ಷದ ಸೀಟು ಇಲ್ಲವೆಂದೇ ಹೇಳಬೇಕು.

ಸಾಲದ ಪತ್ರಕ್ಕೆ 28 ದಿನದ ನಿಯಮ ಅನ್ವಯಿಸುವುದಿಲ್ಲ, ಅದೇ ಅದರ ದೊಡ್ಡ ಅನುಕೂಲ. ಪತ್ರದ ತಾರೀಖು ಅರ್ಜಿಗೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಸಾಲ ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, ಪ್ರಯಾಣಕ್ಕೆ ಮೊದಲೇ ಹಣ ಸಿಗುತ್ತದೆ ಅಥವಾ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ ಎಂದು ಬರೆದಿರಬೇಕು. ವೀಸಾ ಸಿಕ್ಕರೆ ಎಂಬುದನ್ನು ಬಿಟ್ಟು ಬೇರೆ ಷರತ್ತು ಇರಬಾರದು. ಇವರಿಗೆ ಮೊದಲು ಸಿಕ್ಕ ಪತ್ರದ ಕೊನೆಯ ಸಾಲಿನಲ್ಲಿ ‘ಹಕ್ಕುಪತ್ರಗಳ ಠೇವಣಿ ನೋಂದಣಿಯಾದ ನಂತರ ಹಣ ಬಿಡುಗಡೆ’ ಎಂದಿತ್ತು. ಬ್ಯಾಂಕಿಗೆ ಅದು ಮಾಮೂಲು ಸಾಲು, ವೀಸಾ ಅಧಿಕಾರಿಗೆ ಅದೊಂದು ಷರತ್ತು. ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮುಗಿಸಿ, ಆ ಸಾಲಿಲ್ಲದ ಹೊಸ ಪತ್ರ ಬರೆಸಿಕೊಂಡರು. ಮಂಜೂರಾತಿ ಪತ್ರವನ್ನು ಕೈಗೆ ಬಂದ ದಿನವೇ ಕೊನೆಯ ಸಾಲಿನವರೆಗೆ ಓದುವುದು ಒಳ್ಳೆಯದು.

43.70 ಲಕ್ಷದಲ್ಲಿ ಸಾಲದ 25 ಲಕ್ಷ ಕಳೆದರೆ ತಂದೆಯ ಖಾತೆಯಲ್ಲಿ ಕೂತಿರಬೇಕಾದದ್ದು 18.70 ಲಕ್ಷ.

ಆಗಸ್ಟ್ 2, ಶನಿವಾರ

ನಿಯಮ ಹೇಳುವುದಿಷ್ಟು: ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ಒಂದೇ ಒಂದು ದಿನವೂ ಅದಕ್ಕಿಂತ ಕೆಳಗಿಳಿಯಬಾರದು. 28 ದಿನ ಮುಗಿಯುವ ತಾರೀಖು, ಅರ್ಜಿ ಶುಲ್ಕ ಕಟ್ಟುವ ದಿನಕ್ಕೆ 31 ದಿನಗಳೊಳಗೆ ಇರಬೇಕು. ಮೂರು ತಿಂಗಳ ಸರಾಸರಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ.

ಇವರ ಎಣಿಕೆ ಜುಲೈ 16ಕ್ಕೆ ಶುರುವಾಯಿತು. ಅಂದು ಖಾತೆಯಲ್ಲಿ 19.45 ಲಕ್ಷ. ಆಗಸ್ಟ್ 12ಕ್ಕೆ 28 ದಿನ ತುಂಬುತ್ತದೆ, ಸೆಪ್ಟೆಂಬರ್ 12ರವರೆಗೆ ಆ ಸ್ಟೇಟ್‌ಮೆಂಟ್ ನಡೆಯುತ್ತದೆ. ಅರ್ಜಿ ತುಂಬಿಕೊಡಲು ಒಪ್ಪಿದ್ದ ಏಜೆಂಟರು ‘28 ದಿನದ ಮೇಲೆ ಸ್ಟೇಟ್‌ಮೆಂಟ್ ಕಳಿಸಿ’ ಎಂದಷ್ಟೇ ಹೇಳಿದ್ದರು. ಯಾವ ಮೊತ್ತಕ್ಕಿಂತ ಕೆಳಗೆ ಹೋಗಬಾರದು ಎಂಬ ಅಂಕಿಯನ್ನು ಮನೆಯವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಆಗಸ್ಟ್ 13ರಂದು ಸ್ಟೇಟ್‌ಮೆಂಟ್ ತೆಗೆಸಿದಾಗ ಎರಡನೇ ಪುಟದ ಮಧ್ಯದಲ್ಲಿ ಮೂರು ಸಾಲು ಹೀಗಿತ್ತು. ಆಗಸ್ಟ್ 2, ನಗದು, 40,000. ಅದೇ ದಿನ ಗೊಬ್ಬರದ ಅಂಗಡಿಗೆ ವರ್ಗಾವಣೆ, 70,000. ಬಾಕಿ 18,35,000. ಆಗಸ್ಟ್ 5ಕ್ಕೆ ಮೆಣಸಿನ ವ್ಯಾಪಾರಿಯಿಂದ 1,50,000 ಬಂದು ಬಾಕಿ 19,85,000ಕ್ಕೆ ಏರಿತ್ತು. ಶನಿವಾರದ ಬಟವಾಡೆ, ಮಳೆ ಬಿಟ್ಟ ಎರಡು ದಿನದಲ್ಲಿ ಹಾಕಲೇಬೇಕಿದ್ದ ಗೊಬ್ಬರ, ಎರಡೂ ತೋಟದ ನಿತ್ಯದ ವ್ಯವಹಾರ. ಆದರೆ 18ನೇ ದಿನ ಖಾತೆ 35 ಸಾವಿರದಷ್ಟು ಕೆಳಗಿಳಿದು, ಮೂರು ದಿನ ಹಾಗೇ ಇತ್ತು. ನಿಯಮದ ಪ್ರಕಾರ ಎಣಿಕೆ ಅಲ್ಲಿಗೆ ಮುರಿಯಿತು.

ಮತ್ತೆ ಎಣಿಸಿದರೆ ಆಗಸ್ಟ್ 5ರಿಂದ ಸೆಪ್ಟೆಂಬರ್ 1ಕ್ಕೆ 28 ದಿನ. 2ಕ್ಕೆ ಅರ್ಜಿ, ಮೂರ‍್ನಾಲ್ಕು ದಿನ ಬಿಟ್ಟು ಬೆಂಗಳೂರಿನಲ್ಲಿ ಬೆರಳಚ್ಚು, ಅಲ್ಲಿಂದ ಸಾಮಾನ್ಯ ಅವಧಿ ಮೂರು ವಾರ. ತರಗತಿ ಶುರುವಾಗಿ ನಾಲ್ಕೈದು ದಿನದ ಮೇಲೆ ಉತ್ತರ. 500 ಪೌಂಡ್ ಹೆಚ್ಚು ಕಟ್ಟಿದರೆ ಐದು ಕೆಲಸದ ದಿನದಲ್ಲಿ ತೀರ್ಮಾನವಾಗುವ ದಾರಿಯೊಂದಿತ್ತು. ಅದು ಸುಮಾರು 58 ಸಾವಿರ ರೂಪಾಯಿ, ಅಂದರೆ ಕೊರತೆ ಬಿದ್ದ 35 ಸಾವಿರಕ್ಕಿಂತ ಜಾಸ್ತಿ.

ಈ ಹಂತದಲ್ಲಿ ಒಬ್ಬರು ‘ತೋರಿಸಲು ಹಣ’ ಕೊಡಿಸುವ ಮಾತಾಡಿದರು: ಬಡ್ಡಿಗೆ ಹಣ ಖಾತೆಗೆ ಹಾಕಿ, ಹಳೆಯ ತಾರೀಖಿನ ಪತ್ರ ತರಿಸುವುದು. ಮನೆಯವರು ಒಪ್ಪಲಿಲ್ಲ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುವುದಷ್ಟೇ ಅಲ್ಲ, ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಇಪ್ಪತ್ತೆರಡರ ಹುಡುಗಿಗೆ ಹತ್ತು ವರ್ಷ ಎಂದರೆ ಏನು ಎಂಬುದನ್ನು ಹೀಗೆ ಸಲಹೆ ಕೊಡುವವರು ಯೋಚಿಸುವುದಿಲ್ಲ.

ಅಮ್ಮನ ಠೇವಣಿ

ದಾರಿ ಸಿಕ್ಕಿದ್ದು ಮನೆಯ ಬೀರುವಿನಲ್ಲಿ. ತಾಯಿಯ ಹೆಸರಿನಲ್ಲಿ 2023ರಿಂದ ಹಾಸನದ ಬ್ಯಾಂಕೊಂದರಲ್ಲಿ 3 ಲಕ್ಷದ ಎಫ್‌ಡಿ ಇತ್ತು. ‘ಅದು ನಿನ್ನ ಮದುವೆಗೆ ಅಂತ ಇಟ್ಟಿದ್ದು ಕಣೇ, ಲೆಕ್ಕಕ್ಕೆ ಯಾಕೆ ಹಿಡೀಬೇಕು’ ಎಂದು ತಾಯಿ ಹೇಳಿದ್ದರಿಂದ ಪಟ್ಟಿಗೇ ಸೇರಿರಲಿಲ್ಲ. ನಿಯಮದಲ್ಲಿ ಒಂದಕ್ಕಿಂತ ಹೆಚ್ಚು ಖಾತೆ ಕೂಡಿಸಿ ತೋರಿಸಬಹುದು. ಯಾವಾಗ ಬೇಕಾದರೂ ಮುರಿಯಬಹುದಾದ ಎಫ್‌ಡಿ ಆದರೆ ಅದೂ ನಡೆಯುತ್ತದೆ, ಅವಧಿ ಮುಗಿಯುವವರೆಗೆ ಕೈಗೆ ಸಿಗದ ಠೇವಣಿ ನಡೆಯದು. ತಂದೆಯ ಖಾತೆ ತೀರಾ ಇಳಿದ ದಿನವೂ 18.35 ಮತ್ತು 3 ಸೇರಿ 21.35 ಲಕ್ಷ. ಸಾಲದ 25 ಲಕ್ಷ ಕೂಡಿಸಿದರೆ 46.35 ಲಕ್ಷ. ಕೊರತೆ ತುಂಬಿತು, ದರ ಏರಿದರೂ ತಡೆಯುವಷ್ಟು ಉಳಿಯಿತು.

ಬ್ಯಾಂಕಿನಿಂದ ಲೆಟರ್‌ಹೆಡ್ಡಿನಲ್ಲಿ ಪತ್ರ ಬೇಕಾಯಿತು: ತಾರೀಖು, ಬ್ಯಾಂಕಿನ ಹೆಸರು, ಖಾತೆದಾರರ ಹೆಸರು, ಖಾತೆ ಸಂಖ್ಯೆ, ಯಾವತ್ತಿನಿಂದ ಎಷ್ಟು ಮೊತ್ತವಿದೆ, ಅವಧಿಗೆ ಮೊದಲೇ ಹಿಂಪಡೆಯಬಹುದು ಎಂಬ ವಾಕ್ಯ. ಶಾಖೆಯ ಮಾಮೂಲಿ ಎಫ್‌ಡಿ ರಸೀದಿಯಲ್ಲಿ ಈ ಕೊನೆಯ ವಾಕ್ಯ ಇರಲಿಲ್ಲ, ಕೇಳಿ ಬರೆಸಬೇಕಾಯಿತು.

ಹೆಸರಿನ ತೊಡಕು ಇನ್ನೊಂದು. ತಂದೆ ತಾಯಿಯ ಹಣ ತೋರಿಸುವಾಗ ಸಂಬಂಧಕ್ಕೆ ಮಗಳ ಜನನ ಪ್ರಮಾಣಪತ್ರ, ಜೊತೆಗೆ ಆ ಹಣ ಬಳಸಲು ಒಪ್ಪಿಗೆಯಿದೆ ಎಂದು ಅವರು ಸಹಿ ಹಾಕಿದ ಪತ್ರ ಬೇಕು. ಹಳೆಯ ಜನನ ಪತ್ರ ಕನ್ನಡದಲ್ಲಿ ಕೈಬರಹದ್ದು. ಅದರಲ್ಲಿ ತಂದೆಯದು ಬರೀ ಹೆಸರು, ಬ್ಯಾಂಕಿನಲ್ಲಿ ಎರಡು ಇನಿಷಿಯಲ್ ಮತ್ತು ಕೊನೆಗೆ ‘ಗೌಡ’. ತಾಯಿಗೆ ಜನನ ಪತ್ರದಲ್ಲಿ ತವರಿನಲ್ಲಿ ಕರೆಯುತ್ತಿದ್ದ ಹೆಸರು, ಆಧಾರ್‌ನಲ್ಲಿ ಬೇರೆ ಹೆಸರು. ಇಬ್ಬರಿಗೂ ‘ಈ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ’ ಎಂಬ ನೋಟರಿ ಪ್ರಮಾಣಪತ್ರ ಮಾಡಿಸಿ ಆಧಾರ್ ಪ್ರತಿ ಲಗತ್ತಿಸಿದರು. ಕನ್ನಡ ದಾಖಲೆಗಳ ಇಂಗ್ಲಿಷ್ ಅನುವಾದದ ಕೆಳಗೆ ಅನುವಾದಕರ ಪೂರ್ಣ ಹೆಸರು, ಸಹಿ, ತಾರೀಖು, ಸಂಪರ್ಕ ವಿವರ ಮತ್ತು ‘ಮೂಲಕ್ಕೆ ನಿಖರ’ ಎಂಬ ಮಾತು ಇರಬೇಕು. ನಮ್ಮ ಹೆಸರಿಡುವ ಪದ್ಧತಿಯಲ್ಲಿ ತಪ್ಪೇನೂ ಇಲ್ಲ, ಅದನ್ನು ಅರಿಯದವರ ಮುಂದೆ ಬಿಡಿಸಿಟ್ಟರೆ ಸಾಕು.

ಖಾತೆಗೆ ಬಂದ ದೊಡ್ಡ ಮೊತ್ತಗಳ ಮೂಲಕ್ಕೆ ಕಾಫಿ ಮತ್ತು ಮೆಣಸು ಕೊಂಡ ವ್ಯಾಪಾರಿಗಳ ಬಿಲ್ಲುಗಳನ್ನು ಜೋಡಿಸಿಟ್ಟರು. ಅರ್ಜಿಯ ಹೊತ್ತಿಗೆ ಕಡ್ಡಾಯವಲ್ಲದಿದ್ದರೂ ಅಧಿಕಾರಿ ಸಂದರ್ಶನಕ್ಕೆ ಕರೆದರೆ ಕೈಯಲ್ಲಿರುತ್ತದೆ.

ಕ್ಷಯ ತಪಾಸಣೆಯನ್ನು ಜೂನ್‌ನಲ್ಲೇ ಬೆಂಗಳೂರಿನ ಅಂಗೀಕೃತ ಕೇಂದ್ರದಲ್ಲಿ ಮುಗಿಸಿದ್ದರು. ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. ಇದನ್ನು ಕೊನೆಗೆ ಬಿಡುವುದು ದೊಡ್ಡ ತಪ್ಪು, ಏಕೆಂದರೆ ಎಕ್ಸ್‌ರೇಯಲ್ಲಿ ಸಂಶಯ ಬಂದರೆ ಕಫ ಪರೀಕ್ಷೆಯ ಫಲಿತಾಂಶಕ್ಕೆ ಎಂಟು ವಾರದವರೆಗೂ ಕಾಯಬೇಕಾಗುತ್ತದೆ. ಕ್ಯಾಸ್ ಕೊಡುವ ಮೊದಲಿನ ಆನ್‌ಲೈನ್ ಸಂದರ್ಶನಕ್ಕೆ ಹಾಸನದ ಸಂಬಂಧಿಕರ ಮನೆಗೆ ಬಂದು ಕೂತದ್ದೂ ಜಾಣತನ. ಮುಂಗಾರಿನಲ್ಲಿ ಘಟ್ಟದಂಚಿನ ಊರುಗಳ ಕರೆಂಟು, ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.

ಆಗಸ್ಟ್ 18ರ ಸೋಮವಾರ ಅರ್ಜಿ ಹೋಯಿತು. ಶುಲ್ಕ 524 ಪೌಂಡ್. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776. ಹನ್ನೆರಡು ತಿಂಗಳ ಕೋರ್ಸಿಗೆ ಮುಗಿದ ಮೇಲೆ ನಾಲ್ಕು ತಿಂಗಳು ಸೇರಿಸಿ ವೀಸಾ ಕೊಡುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164. ಎರಡೂ ಸೇರಿ ಎರಡು ಲಕ್ಷ ರೂಪಾಯಿಗೆ ಹತ್ತಿರ. ಇದು ತೋರಿಸಬೇಕಾದ ಹಣಕ್ಕೆ ಸೇರುವುದಿಲ್ಲ, ಬೇರೆಯೇ ಬೇಕು. 28 ದಿನ ಕೂರಿಸಿದ ಖಾತೆಯಿಂದಲೇ ಇದನ್ನೂ ಕಟ್ಟಿ ಬಾಕಿ ಇಳಿಸಿಕೊಂಡು ಗಾಬರಿಯಾಗುವವರಿದ್ದಾರೆ. ಇವರು ಬೇರೆ ಕಾರ್ಡಿನಿಂದ ಕಟ್ಟಿದರು. 22ಕ್ಕೆ ಬೆಂಗಳೂರಿನಲ್ಲಿ ಬೆರಳಚ್ಚು, ಸೆಪ್ಟೆಂಬರ್ 10ಕ್ಕೆ ವೀಸಾ. 2025ರ ಜುಲೈ ಮಧ್ಯದಿಂದ ವಿದ್ಯಾರ್ಥಿಗಳಿಗೆ ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಬದಲು ಇ-ವೀಸಾ ಬಂದಿದೆ. ವಿಮಾನ ಹತ್ತುವ ಮೊದಲೇ ಆನ್‌ಲೈನ್ ಖಾತೆ ತೆರೆದು, ಅದಕ್ಕೆ ಈಗಿನ ಪಾಸ್‌ಪೋರ್ಟ್ ಜೋಡಿಸಿರಬೇಕು.

ಅಲ್ಲಿಗೆ ಹೋದ ಮೇಲೆ

ಖಾಸಗಿ ಹಾಸ್ಟೆಲ್ ದುಬಾರಿಯಾಗಿ ಮೂರು ತಿಂಗಳಿಗೇ ಬಾಡಿಗೆ ಕೋಣೆ ಹುಡುಕಬೇಕಾಯಿತು. ಬ್ರಿಟನ್ನಿನಲ್ಲಿ ನೆಲೆಸಿದ ಜಾಮೀನುದಾರರಿಲ್ಲದ ವಿದೇಶಿ ವಿದ್ಯಾರ್ಥಿಗಳಿಂದ ಆಗ ಮನೆ ಮಾಲೀಕರು ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದರು. ಠೇವಣಿಗೆ ಮಾತ್ರ ಕಾನೂನಿನ ಮಿತಿಯಿದೆ: ಸಾಮಾನ್ಯ ಬಾಡಿಗೆಯ ಮನೆಗೆ ಐದು ವಾರದ ಬಾಡಿಗೆ, ಮನೆ ಕಾದಿರಿಸಲು ಒಂದು ವಾರದ್ದು. ಆ ಠೇವಣಿಯನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಸೇರಿಸಬೇಕು. ಕೋಣೆ ನೋಡದೆ ಊರಿನಿಂದಲೇ ಹಣ ಕಳಿಸಬಾರದು.

ಕೆಲಸದ ಮಿತಿ ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ. 2025ರ ಏಪ್ರಿಲ್‌ನಿಂದ ಒಂದು ವರ್ಷ 21 ತುಂಬಿದವರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಇತ್ತು, ಆ ದರದಲ್ಲಿ ವಾರಕ್ಕೆ ಸುಮಾರು 244. ಊಟ, ಓಡಾಟಕ್ಕೆ ಆಸರೆಯಾಗುತ್ತದೆ, ಫೀಸು ಕಟ್ಟಲಾಗುವುದಿಲ್ಲ. ಎರಡು ಕಡೆ ವಿದ್ಯಾರ್ಥಿಗಳು ತಿಳಿಯದೆ ನಿಯಮ ಮುರಿಯುತ್ತಾರೆ. ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ ಸ್ವಂತ ಉದ್ಯೋಗವೆಂದೇ ಎಣಿಕೆಯಾಗುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಅದು ನಿಷಿದ್ಧ. ಇನ್ನೊಂದು ಬೇಸಿಗೆ: ಎಂ.ಎಸ್ಸಿ.ಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ರಜೆಯಲ್ಲ, ಪ್ರಬಂಧ ಬರೆಯುವ ಕಾಲ. ಜೊತೆಯ ಪದವಿ ವಿದ್ಯಾರ್ಥಿಗಳು ಪೂರ್ಣಾವಧಿ ದುಡಿಯುವುದನ್ನು ನೋಡಿ ಇವರೂ ದುಡಿದರೆ ಮುಂದಿನ ವೀಸಾಕ್ಕೆ ಕುತ್ತು. ಓದು ಮುಗಿದ ಮೇಲೆ ಅಲ್ಲೇ ಉಳಿದು ದುಡಿಯಲು ಕೊಡುವ ಆ ಮುಂದಿನ ಗ್ರಾಜುಯೇಟ್ ವೀಸಾಕ್ಕೆ 2026ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ, 2027ರ ಜನವರಿ 1ರಿಂದ ಹಾಕುವವರಿಗೆ ಹದಿನೆಂಟು ತಿಂಗಳು. ಕೋರ್ಸ್ ಮುಗಿದಿದೆ ಎಂದು ವಿಶ್ವವಿದ್ಯಾಲಯ ಬ್ರಿಟನ್ನಿನ ಗೃಹ ಇಲಾಖೆಗೆ ತಿಳಿಸಿದ ಮೇಲೆಯೇ ಅರ್ಜಿ ಹಾಕಬಹುದು, ಹಾಗಾಗಿ ಪ್ರಬಂಧಕ್ಕೆ ಒಂದೆರಡು ತಿಂಗಳ ಗಡುವು ವಿಸ್ತರಣೆ ಕೇಳುವವರು ಈ ತಾರೀಖನ್ನು ಮುಂದಿಟ್ಟುಕೊಂಡೇ ಕೇಳಬೇಕು.

ಹಣ ಕಳಿಸುವಾಗ ಟಿಸಿಎಸ್, ಅಂದರೆ ವಿದೇಶಕ್ಕೆ ಹೋಗುವ ಹಣದ ಮೇಲೆ ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆಯ ಲೆಕ್ಕ ಬರುತ್ತದೆ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಟಿಸಿಎಸ್ ಇಲ್ಲ. ಸ್ವಂತ ಹಣವಾದರೆ, ಆ ಆರ್ಥಿಕ ವರ್ಷದ ದರದಂತೆ, ವರ್ಷಕ್ಕೆ 10 ಲಕ್ಷ ದಾಟಿದ ಭಾಗದ ಮೇಲೆ ಶೇ 5. ತಂದೆಯ ಪ್ಯಾನ್‌ನಲ್ಲಿ ಜೂನ್‌ನ ಮುಂಗಡ 4.68 ಲಕ್ಷ, ಸೆಪ್ಟೆಂಬರ್‌ನ ಖರ್ಚಿಗೆ 5 ಲಕ್ಷ ಹೋಗಿತ್ತು. ಜನವರಿಯಲ್ಲಿ ಎರಡನೇ ಕಂತು 12,000 ಪೌಂಡ್. ಸಾಲದಲ್ಲಿ ಉಳಿದದ್ದು ಸಾಕಾಗದೆ ಕೈಯಿಂದ ಸುಮಾರು 3 ಲಕ್ಷ ಬೇಕಿತ್ತು. ತಂದೆಯಿಂದಲೇ ಹೋಗಿದ್ದರೆ ಮಿತಿ ದಾಟಿ ಟಿಸಿಎಸ್ ಬೀಳುತ್ತಿತ್ತು. ಅದನ್ನು ವಾಪಸ್ ಪಡೆಯಲು ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕು, ಬರೀ ಕೃಷಿ ಆದಾಯದ ಈ ಮನೆಯಲ್ಲಿ ಯಾರೂ ಸಲ್ಲಿಸುತ್ತಿರಲಿಲ್ಲ. ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಬೇರೆ ಬೇರೆ. ಆದ್ದರಿಂದ ಈ ಕಂತನ್ನು ತಾಯಿಯ ಖಾತೆಯಿಂದ ಕಳಿಸಿದರು. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಫಾರಂ ಎ2ರಲ್ಲಿ ಉದ್ದೇಶ ‘ಶಿಕ್ಷಣ’ ಎಂದೇ ಗುರುತಿಸಿದರು, ‘ಸಂಬಂಧಿಕರ ನಿರ್ವಹಣೆ’ ಎಂದು ಹಾಕಿದರೆ ಮಿತಿ ದಾಟಿದಾಗ ದರ ಶೇ 20.

ಕಂತಿನ ಗಡುವು ಬಂದಾಗ ಆ ವರ್ಷದ ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿತ್ತು. ತಾಯಿ ಕಳಿಸಿದ್ದು ಅದೇ 3 ಲಕ್ಷದ ಎಫ್‌ಡಿಯನ್ನು ಮುರಿಸಿ.